ಬಾಡಿಗೆ ಬ್ರೇಕರ್ ಮನೆಗೆ ಬಂತು, ಇನ್ನು ಹುಷಾರಾಗಿ ಒಡೆಯೋದು ಹೇಗೆ?

ಅಂಗಡಿಯ ಬಿಲ್ಲಿನಲ್ಲಿ ಇದರ ಹೆಸರು ಎಲೆಕ್ಟ್ರಿಕ್ ಡೆಮೊಲಿಷನ್ ಹ್ಯಾಮರ್. ಸೈಟಿನಲ್ಲಿ ನಿಂತು ಆ ಹೆಸರು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಬ್ರೇಕರ್ ಅನ್ನಿ, ಹುಡುಗ ಓಡಿಹೋಗಿ ತರುತ್ತಾನೆ. ನೋಡಲು ದೊಡ್ಡ ಡ್ರಿಲ್ ಮಷಿನ್ ಹಾಗೆ ಕಂಡರೂ ಇದರ ಉಳಿ ತಿರುಗುವುದಿಲ್ಲ, ಬರೀ ಕುಟ್ಟುತ್ತದೆ. ದೊಡ್ಡ ಮಷಿನ್ ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಏಟು ಹಾಕುತ್ತದೆ. ಸಣ್ಣದು ಎರಡು ಸಾವಿರ ದಾಟುತ್ತದೆ.

ನಾನು ಮಂಡ್ಯ ಕಡೆಯವನು. ಮೈಸೂರಿನಲ್ಲಿ ಹಳೆ ಮನೆ ರಿಪೇರಿ ಕೆಲಸ ಮಾಡಿಸುತ್ತೇನೆ. ಮೊದಲೆಲ್ಲ ಬ್ರೇಕರ್ ಹಿಡಿಯುವವರು ಅಂತಲೇ ಬೇರೆ ಇರುತ್ತಿದ್ದರು. ಈಗ ದಿನದ ಬಾಡಿಗೆಗೆ ಮಷಿನ್ ಸಿಗುತ್ತದೆ. ಮನೆಯವರೇ ತಂದು, ಭಾನುವಾರ ಬಚ್ಚಲುಮನೆ ನೆಲ ಒಡೆದು ಹಾಕೋಣ ಅಂತ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಅವರಿಗೆ ಭಯ ಇರುವುದು ಮಷಿನ್ ಮೇಲೆ. ನನಗೆ ಭಯ ಇರುವುದು ಉಳಿಯ ತುದಿ ಹೋಗುವ ಜಾಗದ ಮೇಲೆ, ಅಂದರೆ ಗೋಡೆಯ ಒಳಗೆ, ನೆಲದ ಕೆಳಗೆ ಏನಿದೆ ಅನ್ನುವುದರ ಮೇಲೆ. ಅದಕ್ಕೇ ಮಷಿನ್ ಆನ್ ಮಾಡುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಕೆಲಸ: ಏನು ಒಡೆಯಬಾರದು ಅಂತ ಗುರುತು ಹಾಕುವುದು

ಒಂದು ಸೀಮೆಸುಣ್ಣ ತಗೊಳ್ಳಿ. ಒಡೆಯಬೇಕಾದ ಜಾಗಕ್ಕಿಂತ ಮೊದಲು, ಮುಟ್ಟಬಾರದ ಜಾಗಕ್ಕೆ ಗೆರೆ ಎಳೆಯಿರಿ.

ಪಿಲ್ಲರ್, ಬೀಮ್, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ), ತಾರಸಿ ಇವಕ್ಕೆ ಎಂಜಿನಿಯರ್ ಬಂದು ನೋಡದೆ ಕೈ ಹಾಕಬಾರದು. ಗೋಡೆಯದ್ದು ಸ್ವಲ್ಪ ಕಷ್ಟ. ಒಂಬತ್ತು ಇಂಚಿನ ಗೋಡೆ ಅಂದರೆ ಮೇಲಿನ ಭಾರ ಹೊತ್ತಿದೆ ಅಂತಲೇ ತಿಳಿಯಿರಿ. ನಾಲ್ಕೂವರೆ ಇಂಚಿನದು ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಂತಲ್ಲ. ಪಿಲ್ಲರ್ ಇಲ್ಲದ ಮನೆಯಲ್ಲಿ ಅದೂ ಭಾರ ಹೊತ್ತು ನಿಂತಿರುವುದನ್ನು ನೋಡಿದ್ದೇನೆ.

ಅಗ್ರಹಾರ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ ಕಡೆಯ ಹಳೆ ಮನೆಗಳಿಗೆ ಬೇರೆಯದೇ ಲೆಕ್ಕ. ಅಲ್ಲಿ ಈಗಲೂ ಮದ್ರಾಸ್ ತಾರಸಿ ಸಿಗುತ್ತದೆ. ಮರದ ಜಂತೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿ, ಸುಣ್ಣದ ಗಾರೆ ಹಾಕಿರುತ್ತಾರೆ. ಸುಣ್ಣದ ಗಾರೆ ಅಂದರೆ ಕಮ್ಮಿಯದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದೇ ಸುರ್ಕಿ ಗಾರೆಯ ಮೇಲೆ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯ ಮೇಲೆ, ಸಿಮೆಂಟಿನ ಮೇಲಲ್ಲ. ಆದರೆ ಮನೆಯ ತಾರಸಿಗೆ ಹತ್ತಾರು ವರ್ಷ ನೀರು ಇಳಿದಿರುತ್ತದೆ, ಜಂತೆಯ ತುದಿಗೆ ಗೆದ್ದಲು ಹಿಡಿದಿರುತ್ತದೆ, ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ಹೇಗೋ ನಿಂತಿರುತ್ತವೆ. ಕೆಳಗೆ ಗೋಡೆಗೆ ಬ್ರೇಕರ್ ಇಟ್ಟರೆ ಅದರ ಅದುರು ಮೇಲೆ ಏರುತ್ತದೆ. ಇಂಥ ಮನೆಯಲ್ಲಿ ನಾನು ಮಷಿನ್ ಒಳಗೆ ತರುವುದೇ ಇಲ್ಲ. ಸುತ್ತಿಗೆ, ಕೈ ಉಳಿ, ತಾಳ್ಮೆ, ಅಷ್ಟೇ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದ ಸಮಯದಲ್ಲೇ ಬಿತ್ತು. ಎರಡಕ್ಕೂ ಕಾರಣ ಬ್ರೇಕರ್ ಅಂತ ಹೇಳುತ್ತಿಲ್ಲ. ಹಳೆ ಕಟ್ಟಡ ಬೀಳುವ ಮುಂಚೆ ಹೇಳಿ ಬೀಳುವುದಿಲ್ಲ ಅನ್ನುವುದಕ್ಕೆ ಮೈಸೂರಿನವರಿಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ.

ಸಾಲುಮನೆ ಆಗಿದ್ದರೆ ಇನ್ನೊಂದು ಪ್ರಶ್ನೆ: ಆ ಗೋಡೆ ನಿಮ್ಮೊಬ್ಬರದ್ದಾ? ಪಕ್ಕದ ಮನೆಯವರ ಶೋಕೇಸು, ದೇವರ ಫೋಟೋ ಎಲ್ಲ ಅದರ ಆಚೆ ಬದಿಗೆ ನೇತುಹಾಕಿರಬಹುದು. ಹಿಂದಿನ ದಿನವೇ ಹೇಳಿ, ಅವರ ಕಡೆಯೂ ಒಂದು ಸಲ ನೋಡಿಕೊಂಡು ಬನ್ನಿ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದರೆ ಅದನ್ನೂ ಕೇಳಿಕೊಳ್ಳಿ.

ಆಮೇಲೆ ವೈರು, ಪೈಪು. ನಮ್ಮ ಕಡೆಯ ಮನೆಗಳಲ್ಲಿ ವೈರಿನ ಪೈಪು ತಾರಸಿಯಲ್ಲಿ ಹೋಗಿ, ಸ್ವಿಚ್ ಬೋರ್ಡಿನ ನೇರಕ್ಕೆ ಗೋಡೆಯಲ್ಲಿ ಕೆಳಗೆ ಇಳಿಯುತ್ತದೆ. ಬೋರ್ಡಿನ ಮೇಲೆ ನೆಟ್ಟಗೆ ಒಂದು ಪಟ್ಟಿ, ಬೋರ್ಡಿನಿಂದ ಬೋರ್ಡಿಗೆ ಅಡ್ಡ ಒಂದು ಪಟ್ಟಿ ಗುರುತು ಹಾಕಿ ಬಿಟ್ಟುಬಿಡಿ. ನಲ್ಲಿಯಿಂದ ಗೀಸರಿಗೆ, ಗೀಸರಿನಿಂದ ಷವರಿಗೆ ಹೋಗುವ ಪೈಪು ಹೆಚ್ಚಾಗಿ ನೆಟ್ಟಗೆ ಇರುತ್ತದೆ ಅಂತ ನಂಬಿ ನಾನೇ ಒಂದು ಸಲ ಕೆಟ್ಟೆ. ಕುವೆಂಪುನಗರದ ಒಂದು ಮನೆ. ಪ್ಲಂಬರ್ ಯಾವ ಕಾಲದಲ್ಲೋ ಪೈಪನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿದ್ದ. ಉಳಿ ನೇರ ಅದಕ್ಕೇ ಇಳಿಯಿತು. ಮೇಲಿನ ಟ್ಯಾಂಕಿನ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗುವ ತನಕ ಬಕೆಟ್ ಹಿಡಿದು ನಿಂತೆವು. ಮಷಿನ್ ಪ್ಲಗ್ಗಿನಲ್ಲೇ ಇತ್ತು, ನೀರು ಎಕ್ಸ್‌ಟೆನ್ಷನ್ ಬೋರ್ಡಿನ ಕಡೆಗೇ ಹರಿಯುತ್ತಿತ್ತು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಬಚ್ಚಲುಮನೆ ಕೆಲಸ ಅಂದರೆ ಮೊದಲು ಟ್ಯಾಂಕ್ ವಾಲ್ವ್ ತಿರುಗಿಸಿ ನೋಡುತ್ತೇನೆ, ನಲ್ಲಿ ಬಿಟ್ಟು ಪೈಪಿನ ನೀರು ಖಾಲಿ ಮಾಡುತ್ತೇನೆ. ಆ ಕೋಣೆಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ, ಮಷಿನ್‌ಗೆ ಕರೆಂಟನ್ನು ಬೇರೆ ಕೋಣೆಯಿಂದ ತರುತ್ತೇನೆ.

ಇನ್ನೊಂದು ಜಾಗ ಜನರ ತಲೆಗೇ ಹೊಳೆಯುವುದಿಲ್ಲ. ಅದು ಕಾರು ನಿಲ್ಲಿಸುವ ಪೋರ್ಟಿಕೊ. ಮೈಸೂರು, ಮಂಡ್ಯದಲ್ಲಿ ಬಹಳ ಮನೆಗಳ ನೀರಿನ ಸಂಪ್ ಇರುವುದು ಅದರ ಕೆಳಗೇ. ಮೇಲಿನ ಟೈಲ್ಸ್ ಕಿತ್ತು ಹೊಸದು ಹಾಕಿಸೋಣ ಅಂತ ದೊಡ್ಡ ಬ್ರೇಕರ್ ತಂದು, ಸಂಪಿನ ಮುಚ್ಚಳದ ಸ್ಲ್ಯಾಬ್ ಮೇಲೆಯೇ ನಿಂತು ಹೊಡೆಯುತ್ತಾರೆ. ಸಂಪ್ ಎಲ್ಲಿಂದ ಎಲ್ಲಿಯವರೆಗಿದೆ ಅಂತ ಬಾಯಿ ತೆಗೆದು ನೋಡಿ ಗುರುತು ಹಾಕಿಕೊಳ್ಳಿ. ಮೇಲಿಂದಲೇ ನೋಡಿ, ಒಳಗೆ ಇಳಿಯಬೇಡಿ. ಆ ಜಾಗದಲ್ಲಿ ಟೈಲ್ಸನ್ನು ಕೈ ಉಳಿಯಲ್ಲೇ ಎಬ್ಬಿಸಿ. ಅಂಗಳದಲ್ಲಾದರೆ ಬೋರ್‌ವೆಲ್ ಮೋಟರಿನ ವೈರು ಎಲ್ಲಿ ಹೂತಿದೆ ಅಂತ ಮನೆಯ ಹಿರಿಯರನ್ನು ಕೇಳಿ. ನಕ್ಷೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿ ಇರುತ್ತದೆ.

ಹಳೆ ಸಿಮೆಂಟ್ ಶೀಟಿನ ಚಾವಣಿ ಇದ್ದರೆ ಅದಕ್ಕಂತೂ ಬ್ರೇಕರ್ ಇಡಲೇಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು ಅದು. ಒಡೆಯದೆ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು.

ಯಾವ ಮಷಿನ್, ಯಾವ ಉಳಿ

ಬಾಡಿಗೆ ಅಂಗಡಿಗೆ ಹೋಗಿ "ದೊಡ್ಡದೇ ಕೊಡಿ, ಬೇಗ ಮುಗಿಯುತ್ತೆ" ಅನ್ನುವವರೇ ಜಾಸ್ತಿ. ಅಲ್ಲೇ ಎಡವುವುದು. ಸುಮಾರು 5 ಕೆ.ಜಿ.ಯದು ಗೋಡೆಯ ಟೈಲ್ಸ್, ಗಿಲಾವು ಕೀಳಲು ಸಾಕು. 10 ಕೆ.ಜಿ. ಆಸುಪಾಸಿನದು ಇಟ್ಟಿಗೆ ಗೋಡೆ, ನಾಲ್ಕಿಂಚು ಕಾಂಕ್ರೀಟ್ ನೆಲಕ್ಕೆ ಸರಿ. 15 ಕೆ.ಜಿ. ಮೇಲಿನದು ನೆಲಕ್ಕೆ ಮಾತ್ರ. ನಮ್ಮ ಮಂಡ್ಯದ ಆಲೆಮನೆಗಳಲ್ಲಿ ಹಳೆ ಗಾಣದ ಕಾಂಕ್ರೀಟ್ ಬೆಡ್ ಕೀಳುತ್ತಾರಲ್ಲ, ಅಂಥ ಕೆಲಸ ಅದಕ್ಕೆ. ಅದನ್ನು ಎತ್ತಿ ಗೋಡೆಗೆ ಹಿಡಿಯುತ್ತೇನೆ ಅಂದರೆ ಸೊಂಟ ಕೇಳುವುದಿಲ್ಲ.

ಉಳಿ ಮೂರು ಥರ. ಚೂಪು ಮೊನೆಯದು ಕಾಂಕ್ರೀಟ್ ಸೀಳಲು. ಚಪ್ಪಟೆಯದು ಅಂಚು ನೇರವಾಗಿ ತೆಗೆಯಲು. ಅಗಲ ಬಾಯಿಯದು ಟೈಲ್ಸ್ ಎಬ್ಬಿಸಲು. ಉಳಿಯ ಹಿಂಬದಿ ಮಷಿನ್‌ಗೆ ಹೊಂದಬೇಕು. ಸಣ್ಣದು, ಮಧ್ಯಮದ್ದರಲ್ಲಿ ಸಾಮಾನ್ಯವಾಗಿ ಉದ್ದುದ್ದ ಕಾಲುವೆಯಂಥ ಗೀರುಗಳಿರುವ ಎಸ್‌ಡಿಎಸ್ ಮ್ಯಾಕ್ಸ್ ಅನ್ನುವ ಥರದ್ದು, ದೊಡ್ಡದರಲ್ಲಿ 28 ಅಥವಾ 30 ಮಿ.ಮೀ. ಆರು ಮೂಲೆಯದು. ಹತ್ತಿರ ಹತ್ತಿರ ಹೊಂದುವುದನ್ನು ತುರುಕಬೇಡಿ. ಹಿಂಬದಿ ಒರೆಸಿ, ಸ್ವಲ್ಪ ಗ್ರೀಸ್ ಹಚ್ಚಿ, ಒಳಗೆ ಹಾಕಿ ಲಾಕ್ ಮಾಡಿ. ಆಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬಂದರೆ ಲಾಕ್ ಬಿದ್ದಿಲ್ಲ. ಇದನ್ನೆಲ್ಲ ಪ್ಲಗ್ ತೆಗೆದಿಟ್ಟೇ ಮಾಡಬೇಕು.

ಅಂಗಡಿಯಲ್ಲೇ ಒಂದು ನಿಮಿಷ ಓಡಿಸಿ ನೋಡಿ ತನ್ನಿ. ವೈರು ಮಷಿನ್ ಒಳಗೆ ಹೋಗುವ ಜಾಗದಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಬೇರೆ ಮಷಿನ್ ಕೇಳಿ. ಗಾಳಿಕಿಂಡಿಯಲ್ಲಿ ಬೆಂಕಿ ಕಿಡಿ ಜಾಸ್ತಿ ಹಾರುತ್ತಿದ್ದರೆ ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಪಕ್ಕದ ಹಿಡಿ ಇಲ್ಲದ ಮಷಿನ್ ಅಂತೂ ಪುಕ್ಕಟೆ ಕೊಟ್ಟರೂ ಬೇಡ.

ಕರೆಂಟು

1500 ವಾಟಿನ ಮಷಿನ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಟಿವಿ, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್‌ಗೆ ಅದು ಹೆಚ್ಚಾಯಿತು. ಗೀಸರ್ ಹಾಕುವ 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ಎಕ್ಸ್‌ಟೆನ್ಷನ್ ವೈರು 2.5 ಚದರ ಮಿ.ಮೀ. ತಾಮ್ರದ್ದಿರಲಿ. ರೀಲಿಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಓಡಿಸಿದರೆ ಒಳಗೇ ಬಿಸಿಯಾಗಿ ಕರಗುತ್ತದೆ. ವೈರಿನ ತುದಿ ಸುಲಿದು, ಸಾಕೆಟ್ ತೂತಿಗೆ ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸುವ ವಿದ್ಯೆ ನಮ್ಮ ಸೈಟುಗಳಲ್ಲಿ ಇನ್ನೂ ಇದೆ. ಅದನ್ನು ಕಂಡರೆ ಕೆಲಸ ನಿಲ್ಲಿಸಿ.

ಮನೆಯ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯಾ ನೋಡಿ, ಟೆಸ್ಟ್ ಬಟನ್ ಒತ್ತಿ. ತಕ್ಷಣ ಬೀಳಬೇಕು. ಹಳೆ ಮನೆಯಲ್ಲಿ ಅದು ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆದು ಹಾಕಿಸಿಕೊಂಡೇ ಶುರು ಮಾಡಿ. ಹಳ್ಳಿ ಕಡೆ ವೋಲ್ಟೇಜ್ ತೀರಾ ಇಳಿದಾಗ ಮಷಿನ್ ಏಟು ಸೊರಗುತ್ತದೆ, ಮೋಟರ್ ಬಿಸಿಯಾಗುತ್ತದೆ. ಆಗ ಇನ್ನೂ ಒತ್ತಿ ಹಿಡಿಯುವ ಬದಲು ಸುಮ್ನೆ ಆಫ್ ಮಾಡಿ ಕಾಯುವುದು ಮೇಲು.

ಇನ್ನು ನಮ್ಮ ಊರುಗಳಿಗೇ ವಿಶೇಷವಾದ ಒಂದು ಅಪಾಯ. ದೊಡ್ಡ ಬ್ರೇಕರ್‌ಗಳ ಸ್ವಿಚ್ಚು ಒಮ್ಮೆ ಒತ್ತಿದರೆ ಆನ್ ಆಗಿಯೇ ಇರುವಂತೆ ಲಾಕ್ ಆಗುತ್ತದೆ. ಕೆಲಸದ ಮಧ್ಯೆ ಕರೆಂಟ್ ಹೋಗುತ್ತದೆ. "ಸೆಸ್ಕ್‌ನವರಿಗೆ ಇದೇ ಟೈಮ್ ಬೇಕಿತ್ತಾ" ಅಂತ ಬೈದುಕೊಂಡು, ಮಷಿನ್ ಅನ್ನು ಗೋಡೆಗೆ ಒರಗಿಸಿ ಟೀ ಕುಡಿಯಲು ಹೋಗುತ್ತೀರಿ. ಹತ್ತು ನಿಮಿಷಕ್ಕೆ ಕರೆಂಟ್ ಬರುತ್ತದೆ. ಹಿಡಿದುಕೊಳ್ಳುವವರಿಲ್ಲದೆ ಮಷಿನ್ ತಾನಾಗಿಯೇ ಓಡತೊಡಗುತ್ತದೆ. ಪಕ್ಕದಲ್ಲಿ ಮಗು ಇದ್ದರೆ? ಕರೆಂಟ್ ಹೋದ ಕ್ಷಣವೇ ಸ್ವಿಚ್ ಆಫ್, ಪ್ಲಗ್ ಹೊರಗೆ. ಟೀ ಆಮೇಲೆ.

ಮೈಮೇಲೆ ಏನಿರಬೇಕು

ಹವಾಯಿ ಚಪ್ಪಲಿ, ಲುಂಗಿ, ಮುಖಕ್ಕೆ ಟವೆಲ್. ಇದು ನಮ್ಮಲ್ಲಿ ಬ್ರೇಕರ್ ಹಿಡಿಯುವವರ ಯೂನಿಫಾರಂ. ಇದರಲ್ಲಿ ಒಂದೂ ಸರಿಯಿಲ್ಲ.

ಶೂ, ಪ್ಯಾಂಟು, ಪಕ್ಕವೂ ಮುಚ್ಚುವ ಕನ್ನಡಕ, ಹೆಲ್ಮೆಟ್, ಕೈಗೆ ಸರಿಯಾಗಿ ಕೂರುವ ಗ್ಲೌಸ್. ಇವನ್ನು ವಿವರಿಸಬೇಕಿಲ್ಲ. ಕಿವಿ ಮತ್ತು ಮೂಗಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿ ಆಗುವ ಏಟು ಅವತ್ತೇ ಗೊತ್ತಾಗುವುದಿಲ್ಲ.

ದಿನಕ್ಕೆ ಎಂಟು ಗಂಟೆ ಕೇಳುವ ಸದ್ದಿಗೆ 85 ಡೆಸಿಬಲ್ ಮಿತಿ ಅಂತ ಕೆಲಸಗಾರರ ಆರೋಗ್ಯದ ತಜ್ಞರು ಇಟ್ಟುಕೊಂಡಿದ್ದಾರೆ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೂ ಸಮಯ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಮುಚ್ಚಿದ ಬಚ್ಚಲುಮನೆಯಲ್ಲಿ ಬ್ರೇಕರ್ ಸದ್ದು ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ. ಕಿವಿಗೆ ಹತ್ತಿ ತುರುಕಿದರೆ ಪ್ರಯೋಜನವಿಲ್ಲ. ಇಯರ್ ಮಫ್ ಅಥವಾ ಸರಿಯಾದ ಇಯರ್ ಪ್ಲಗ್ ಬೇಕು. ಮಣ್ಣು, ದೂಳು ಎತ್ತುವ ಹುಡುಗನಿಗೂ ಒಂದು ಕೊಡಿ.

ದೂಳಿನದು ಇನ್ನೂ ಕೆಟ್ಟದ್ದು. ಕಾಂಕ್ರೀಟ್, ಇಟ್ಟಿಗೆ, ಗ್ರಾನೈಟ್, ಟೈಲ್ಸ್ ಎಲ್ಲದರಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ, ಕಾಣದ ದೂಳು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಕಾಯಿಲೆ ವಾಸಿಯಾಗುವುದಿಲ್ಲ. ಟವೆಲ್, ಕರ್ಚೀಫು, ಕೊರೊನಾ ಕಾಲದ ಬಟ್ಟೆ ಮಾಸ್ಕು ಇದನ್ನು ತಡೆಯುವುದಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಹಾಕಿ. ಗಡ್ಡ ಇದ್ದರೆ ಅಂಚಿನಲ್ಲಿ ದೂಳು ನುಗ್ಗುತ್ತದೆ ಅನ್ನುವುದೂ ನೆನಪಿರಲಿ. ಒಡೆಯುವ ಜಾಗಕ್ಕೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಆಗಾಗ ನೀರು ಚಿಮುಕಿಸಿದರೆ ಅರ್ಧ ತೊಂದರೆ ಕಮ್ಮಿ. ನೆಲ ತೇವ ಆದರೆ ಸಾಕು, ಮಡು ನಿಲ್ಲಬಾರದು. ಮಷಿನ್ ಮೇಲೆ, ವೈರಿನ ಜಾಯಿಂಟ್ ಮೇಲೆ ನೀರು ಬೀಳಬಾರದು.

ಇನ್ನು ಹೊಡೆಯೋಣ

ಮಷಿನ್ ಅನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಕಾಲು ಅಗಲಿಸಿ, ಒಂದು ಕಾಲು ಸ್ವಲ್ಪ ಮುಂದೆ. ನೀವು ನಿಂತ ಜಾಗ, ಒಡೆದು ಬೀಳುವ ತುಂಡು ಒಂದೇ ಆಗಿರಬಾರದು. ತಮಾಷೆ ಅನಿಸಬಹುದು, ಕೂತ ಕೊಂಬೆ ಕಡಿಯುವ ಕೆಲಸವನ್ನು ಸ್ಲ್ಯಾಬ್ ಮೇಲೆ ಜನ ನಿಜವಾಗಿಯೂ ಮಾಡುತ್ತಾರೆ.

ಉಳಿಯ ತುದಿಯನ್ನು ಮೊದಲು ಜಾಗದ ಮೇಲೆ ಇಡಿ, ಆಮೇಲೆ ಸ್ವಿಚ್ ಒತ್ತಿ. ಗಾಳಿಯಲ್ಲಿ ಓಡಿಸಬೇಡಿ.

ಒಡೆಯುವುದು ಯಾವಾಗಲೂ ಅಂಚಿನಿಂದ ಶುರು. ನೆಲದ ಮಧ್ಯದಲ್ಲಿ ಉಳಿ ಇಟ್ಟು ಒತ್ತಿದರೆ ಕಾಂಕ್ರೀಟಿಗೆ ಹೋಗಲು ಜಾಗವಿಲ್ಲ, ಉಳಿ ಮೊಳೆಯ ಹಾಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅಂಚಿನಿಂದ ಎರಡು ಮೂರು ಇಂಚು ಒಳಗೆ ಇಟ್ಟು, ಅಂಚಿನ ಕಡೆ ಸ್ವಲ್ಪ ವಾಲಿಸಿ ಹೊಡೆಯಿರಿ. ತುಂಡು ಬಿಟ್ಟುಕೊಂಡು ಬರುತ್ತದೆ. ಆಮೇಲೆ ಮತ್ತೆ ಎರಡು ಮೂರು ಇಂಚು ಹಿಂದಕ್ಕೆ. ಅಂಚೇ ಇಲ್ಲದಿದ್ದರೆ ಮೊದಲು ಮೂಲೆಯಲ್ಲಿ ಸಣ್ಣ ಗುಂಡಿ ಮಾಡಿ ಅಂಚು ಮಾಡಿಕೊಳ್ಳಿ. ಒಂದೇ ಜಾಗದಲ್ಲಿ ಅರ್ಧ ನಿಮಿಷ ಹೊಡೆದರೂ ಬಿರುಕು ಬಿಡದಿದ್ದರೆ ಜಾಗ ಬದಲಿಸಿ.

ಒತ್ತುವ ವಿಷಯ. ಹೊಸಬರು ಎದೆಯ ಭಾರ ಎಲ್ಲ ಹಾಕಿ ಒತ್ತುತ್ತಾರೆ. ಒತ್ತಿದಷ್ಟೂ ಜಾಸ್ತಿ ಒಡೆಯುವುದಿಲ್ಲ. ಏಟು ಹಾಕುವುದು ಒಳಗಿನ ಪಿಸ್ಟನ್ನು, ನಿಮ್ಮ ಭುಜವಲ್ಲ. ಮಷಿನ್ ಕುಣಿಯದಷ್ಟು ಹಿಡಿತ ಸಾಕು. ನೆಲದ ಕೆಲಸದಲ್ಲಿ ಮಷಿನ್‌ನ ತೂಕವೇ ಒತ್ತಿಕೊಳ್ಳುತ್ತದೆ. ನನ್ನ ಜೊತೆ ಇರುವ ಪಾಂಡವಪುರದ ಕಡೆಯ ಹಿರಿಯ ಮೇಸ್ತ್ರಿ ಹೊಸ ಹುಡುಗರಿಗೆ ಹೇಳುವುದು ಒಂದೇ ಮಾತು: "ಅದುಮಬ್ಯಾಡ ಕನ್ಲಾ, ಹಸು ಹಗ್ಗ ಹಿಡ್ದಂಗೆ ಹಿಡ್ಕೊ."

ಉಳಿ ಸಿಕ್ಕಿಕೊಂಡರೆ ಮಷಿನ್ ಹಿಡಿದು ಜಗ್ಗಬೇಡಿ. ಸೊಂಟ ಉಳುಕುವುದೂ, ಉಳಿ ಮುರಿಯುವುದೂ ಆಗಲೇ. ಆಫ್ ಮಾಡಿ, ಪ್ಲಗ್ ಕಿತ್ತು, ಉಳಿಯನ್ನು ಅಲ್ಲೇ ಬಿಟ್ಟು ಮಷಿನ್ ಬಿಡಿಸಿಕೊಳ್ಳಿ. ಎರಡನೇ ಉಳಿ ಹಾಕಿ ಅದರ ಪಕ್ಕ ಒಡೆಯಿರಿ, ಮೊದಲನೆಯದು ತಾನೇ ಸಡಿಲವಾಗುತ್ತದೆ. ಅದಕ್ಕೇ ಬಾಡಿಗೆಗೆ ತರುವಾಗ ಉಳಿ ಎರಡು ತನ್ನಿ ಅನ್ನುವುದು. ಬಿಚ್ಚಿದ ಉಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತುದಿ ಸುಡುತ್ತಿರುತ್ತದೆ.

ಗೋಡೆಯಾದರೆ ಮೇಲಿನಿಂದ ಕೆಳಕ್ಕೆ, ಒಂದೊಂದೇ ವರಸೆ. ಕೆಳಗೆ ಕೊರೆದು ಇಡೀ ಗೋಡೆ ಒಮ್ಮೆಗೇ ಬೀಳಿಸುವ ಉಪಾಯ ಯಾರಾದರೂ ಹೇಳಿದರೆ, ಅವರನ್ನೇ ಮೊದಲು ಮನೆಗೆ ಕಳಿಸಿ. ಎದೆಗಿಂತ ಮೇಲೆ ಮಷಿನ್ ಎತ್ತಬಾರದು. ಎತ್ತರಕ್ಕೆ ಸಾರವೆ ಕಟ್ಟಿ ಅಗಲವಾದ ಹಲಗೆ ಹಾಕಿ. ಏಣಿಯ ಮೇಲೆ ನಿಂತರೆ ಒಂದು ಕೈ ಏಣಿಗೆ ಬೇಕು, ಬ್ರೇಕರ್‌ಗೆ ಎರಡೂ ಕೈ ಬೇಕು. ಲೆಕ್ಕ ಕೂಡುವುದಿಲ್ಲ.

ಒಳಗೆ ಕಂಬಿ ಕಂಡರೆ ನಿಲ್ಲಿಸಿ. ಒಡೆಯಬೇಕೆಂದೇ ಹೊರಟ ಹಳೆ ಬೆಡ್ ಆದರೆ ಸುತ್ತಲಿನ ಕಾಂಕ್ರೀಟ್ ಬಿಡಿಸಿ, ಕಂಬಿಯನ್ನು ಕಟಿಂಗ್ ಮಷಿನ್‌ನಲ್ಲಿ ಕತ್ತರಿಸಿ. ಇಲ್ಲಿ ಕಂಬಿ ಇರಬಾರದಿತ್ತಲ್ಲ ಅನಿಸಿದರೆ, ನೀವು ಬೀಮ್ ಒಳಗೆ ಇರಬಹುದು.

ಕೈ ಜೋಮು ಹಿಡಿದರೆ

ಹದಿನೈದು ಇಪ್ಪತ್ತು ನಿಮಿಷ ಹೊಡೆದು ಹತ್ತು ನಿಮಿಷ ಬಿಡಿ. ಇಬ್ಬರಿದ್ದರೆ ಸರದಿ ಮಾಡಿಕೊಳ್ಳಿ. ಯುರೋಪಿನಲ್ಲಿ ಕೈಗೆ ತಾಗುವ ಅದುರಿಗೂ ಕಾನೂನಿನ ಮಿತಿ ಇದೆ. ಅದುರಿನ ಅಳತೆ 10 m/s² (ಸೆಕೆಂಡ್ ವರ್ಗಕ್ಕೆ 10 ಮೀಟರ್) ಇರುವ ಮಷಿನ್ ಅನ್ನು ಆ ಲೆಕ್ಕದಲ್ಲಿ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹಿಡಿಯುವಂತಿಲ್ಲ. ಅರ್ಧ ಗಂಟೆ ದಾಟಿದರೇ ಮಾಲೀಕ ಮುನ್ನೆಚ್ಚರಿಕೆ ತಗೊಳ್ಳಬೇಕು. ನಮ್ಮಲ್ಲಿ ಬೆಳಗ್ಗೆಯಿಂದ ಸಂಜೆ ತನಕ ಒಬ್ಬನೇ ಹಿಡಿಯುತ್ತಾನೆ. ಆಮೇಲೆ ಡಿಸೆಂಬರ್ ಚಳಿಯಲ್ಲಿ ಬೆರಳ ತುದಿ ಬೆಳ್ಳಗಾಗುತ್ತದೆ, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ರಾತ್ರಿ ಮಲಗಿದಾಗ ಬೆರಳು ಚುಮುಚುಮು ಅನ್ನುತ್ತಿದ್ದರೆ ಅದು ಬರೀ ಸುಸ್ತಲ್ಲ. ಮಷಿನ್ ಬಿಟ್ಟು ಡಾಕ್ಟರಿಗೆ ತೋರಿಸಿ. ಬೀಡಿ, ಸಿಗರೇಟು ಇದನ್ನು ಇನ್ನೂ ಕೆಡಿಸುತ್ತದೆ.

ಹದಿನೆಂಟು ತುಂಬದ ಹುಡುಗರ ಕೈಗೆ ಬ್ರೇಕರ್ ಕೊಡಬೇಡಿ. ಇದನ್ನೇ ಕಸುಬು ಮಾಡಿಕೊಂಡವರು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ ಕಾರ್ಡ್ ಮಾಡಿಸಿಕೊಳ್ಳಲಿ.

ಯಾರಿಗಾದರೂ ಕರೆಂಟ್ ಹೊಡೆದರೆ ಮುಟ್ಟಲು ಓಡಬೇಡಿ, ಮೊದಲು ಮೇನ್ ಇಳಿಸಿ. ಆಮೇಲೆ 108ಕ್ಕೆ ಫೋನ್. ಮೇನ್ ಎಲ್ಲಿದೆ ಅಂತ ಕೆಲಸಕ್ಕೆ ಮುಂಚೆಯೇ ಎಲ್ಲರಿಗೂ ತೋರಿಸಿರಬೇಕು. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ನೀರು ಹಾಕಿ ತೊಳೆಯಿರಿ. ಹೋಗದಿದ್ದರೆ ಕಣ್ಣಾಸ್ಪತ್ರೆ.

ಒಡೆದದ್ದನ್ನು ಏನು ಮಾಡುವುದು

ಐದು ಅಡಿಗೆ ಏಳು ಅಡಿಯ ಬಚ್ಚಲುಮನೆ, ನಾಲ್ಕಿಂಚು ಕಾಂಕ್ರೀಟ್ ನೆಲ. ಎಷ್ಟು ತೂಕ ಅಂದುಕೊಂಡಿದ್ದೀರಿ? ಹತ್ತಿರ ಹತ್ತಿರ 800 ಕೆ.ಜಿ. ಮಹಡಿ ಮನೆಯಾದರೆ ಇದನ್ನೆಲ್ಲ ಪಕ್ಕದ ರೂಮಿನಲ್ಲಿ ರಾಶಿ ಹಾಕುವುದು ದೊಡ್ಡ ತಪ್ಪು. ವಾಸದ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಒಂದು ಅಡಿ ಎತ್ತರದ ಕಾಂಕ್ರೀಟ್ ಚೂರಿನ ರಾಶಿ ಅದರ ಎರಡರಷ್ಟು ತೂಗುತ್ತದೆ. ಒಡೆದ ಹಾಗೇ ಬಾಂಡ್ಲಿಗೆ ತುಂಬಿ ಕೆಳಗೆ ಇಳಿಸುತ್ತಿರಿ. ಬಾಂಡ್ಲಿಯನ್ನೂ ಅರ್ಧಕ್ಕೆ ತುಂಬಿ. ಕಿಟಕಿಯಿಂದ ಕೆಳಗೆ ಎಸೆಯಬೇಡಿ. ರಾತ್ರಿ ಟಿಪ್ಪರ್‌ನಲ್ಲಿ ತುಂಬಿ ರಿಂಗ್ ರಸ್ತೆ ಪಕ್ಕ, ಕೆರೆ ಅಂಗಳದಲ್ಲಿ ಸುರಿದು ಬರುವವರ ಜೊತೆ ಮಾತಾಡಿಕೊಳ್ಳಲೂ ಬೇಡಿ. ಪಾಲಿಕೆ ಆಫೀಸಿನಲ್ಲಿ ಕೇಳಿದರೆ ಎಲ್ಲಿ ಹಾಕಬೇಕು ಅಂತ ಹೇಳುತ್ತಾರೆ. ಇಟ್ಟಿಗೆ ಚೂರು ಚೆನ್ನಾಗಿದ್ದರೆ ಹತ್ತಿರದಲ್ಲಿ ಯಾರಾದರೂ ಅಡಿಪಾಯ ತುಂಬಿಸುವವರೂ ಕೇಳಿ ತಗೊಂಡು ಹೋಗುತ್ತಾರೆ.

ಗುಡಿಸುವ ಮುಂಚೆ ನೀರು ಚಿಮುಕಿಸಿ. ಒಣ ಪೊರಕೆ ಆಡಿಸಿದರೆ ಇಷ್ಟು ಹೊತ್ತು ಕೂರಿಸಿದ ದೂಳೆಲ್ಲ ಮತ್ತೆ ಏಳುತ್ತದೆ. ಮಾಸ್ಕ್ ತೆಗೆಯುವುದು ಗುಡಿಸಿದ ಮೇಲೆ. ಆ ಬಟ್ಟೆಯನ್ನು ಹೊರಗೇ ಒದರಿ ಬೇರೆಯಾಗಿ ಒಗೆಯಿರಿ, ಮಕ್ಕಳ ಬಟ್ಟೆ ಜೊತೆ ಬೇಡ.

ಮಷಿನ್ ಆರಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಕಿಂಡಿಯ ದೂಳು ತೆಗೆದು, ವೈರು ಸುತ್ತಿ ಇಡಿ. ವಾಪಸ್ ಕೊಡಲು ಹೊರಡುವ ಮೊದಲು ಉಳಿ ಎಣಿಸಿ. ಎರಡು ತಂದಿದ್ದರೆ ಒಂದು ಹೆಚ್ಚಾಗಿ ಆ 800 ಕೆ.ಜಿ. ರಾಶಿಯ ತಳದಲ್ಲೇ ಇರುತ್ತದೆ.